ಗಿಣ್ಣಿನ ನೇರಳೆ

ವಿ.ಸಿ. ಫಾರಮ್ಮಿನ ಮೂರನೇ ತಾಕಿನಲ್ಲಿ
ರಾಗಿಗೆ ಮದುವೆ ಮಾಡಿಸೋದು ನನ್ನ ಕೆಲಸ.
ಇವಳ ತೆನೆಗೆ ಅವನ ತೆನೆ ಜೋಡಿಸಿ
ದಾರ ಸುತ್ತಿ, ಮೇಲೊಂದು ಎಣ್ಣೆಕಾಗದದ ಚೀಲ,
ಚೀಲದ ಮೇಲೆ ಪೆನ್ಸಿಲ್ಲಲ್ಲಿ ತಾರೀಖು.
ಅಕ್ಷರ ಕಲಿಯದ ನನಗೆ
ಬರೆಯೋಕೆ ಬರೋದು ಅಂಕಿ ಮಾತ್ರ.

ಆ ಆಗಸ್ಟಿನಲ್ಲಿ ಬಂದಳು ಅಮೊಂಗಿನ್,
ಉಗಾಂಡದವಳು, ಕಂಪಾಲದಲ್ಲಿ ಪಾಠ ಹೇಳುವವಳು.
ದೊಡ್ಡ ಸೈಂಟಿಸ್ಟು, ಹುಷಾರು, ಅಂದರು ಶಂಭುಲಿಂಗಯ್ಯ.
ದೊಡ್ಡ ಸೈಂಟಿಸ್ಟು ಚಪ್ಪಲಿ ಬದುವಿನ ಮೇಲೆ ಬಿಟ್ಟು
ಕೆಸರಿಗಿಳಿದು
ಮೊದಲು ಕೇಳಿದ್ದು ನನ್ನ ಹೆಸರು.
ಹೊಂಬಾಳಮ್ಮ ಅಂದೆ.
ಹೊಂಬಾ, ಹೊಂಬಾ, ಎರಡು ಸಲ ಅಂದು
ಅರ್ಧ ಹೆಸರನ್ನೇ ಜೇಬಿಗೆ ಹಾಕಿಕೊಂಡಳು.

ಮಧ್ಯಾಹ್ನ ಪಂಪ್‌ಹೌಸಿನ ನೆರಳಲ್ಲಿ ಬುತ್ತಿ ಬಿಚ್ಚಿದೆ.
ಮುದ್ದೆ, ಉಪ್ಸಾರು, ಖಾರ.
ಬಂದ ದೊರೆಗಳಿಗೆಲ್ಲ ನುಂಗೋದು ಕಲಿಸಿದವಳು ನಾನು.
ಇವಳಿಗೂ ಕಲಿಸೋಣ ಅಂತ ಬಾಯಿ ತೆರೆದರೆ
ಅವಳಾಗಲೇ ಚಿವುಟಿ, ಉಂಡೆ ಕಟ್ಟಿ,
ಹೆಬ್ಬೆರಳಲ್ಲಿ ಗುಳಿ ಒತ್ತಿ, ಗುಳಿಗೆ ಸಾರು ತುಂಬಿ,
ತವರಿನ ತಟ್ಟೆ ಎದುರು ಕೂತವಳ ಹಾಗೆ.
ನಮ್ಮಲ್ಲಿ ಇದಕ್ಕೆ ಅತಪ ಅಂತೀವಿ;
ರಾಗಿ ನಮ್ಮ ಕಡೆಯಿಂದಲೇ ನಿಮ್ಮ ಕಡೆಗೆ ನಡೆದದ್ದು,
ಸಾವಿರಾರು ವರ್ಷದ ಕೆಳಗೆ.
ಮಾತು ತಿರುಗಿಸಿ ಹೇಳಿದವಳು ಎಂ.ಎಸ್ಸಿ. ಹುಡುಗಿ ಪ್ರಫುಲ್ಲಾ.

ನನಗೆ ಸಿಟ್ಟು ಬಂತು, ಸುಳ್ಳು ಯಾಕೆ.
ಮಂಡ್ಯದವಳ ಮುಂದೆ ರಾಗಿ ನಮ್ಮದು ಅನ್ನೋದಾ?
ನಾಳೆ ಕಾವೇರೀನೂ ನಿಮ್ಮದೇ ಅಂತೀಯ, ಅಂದೆ.
ಪ್ರಫುಲ್ಲಾ ಅದನ್ನು ತಿರುಗಿಸಲಿಲ್ಲ.

ಮುಖ ಓದೋಕೆ ಬರುತ್ತಿತ್ತು ಅಮೊಂಗಿನ್‌ಗೆ.
ಎದ್ದು ಹೋಗಿ, ಗೋಡೌನಿನ ಗೋಡೆಗೆ ಒರಗಿದ್ದ
ಹಳೇ ತಗಡಿನ ಬೋರ್ಡು ಎತ್ತಿ ತಂದಳು: ಇಂಡಾಫ್.
ಚಿಕ್ಕಂದಿನಿಂದ ಕೇಳಿದ ತಳಿ.
ಆಫ್ ಅಂದರೆ ಕರೆಂಟು ಆಫ್ ಅಂದ ಹಾಗೇನೋ
ಅಂದುಕೊಂಡಿದ್ದೆ ಇಷ್ಟು ವರ್ಷ.
ತುಕ್ಕನ್ನು ಉಗುರಲ್ಲಿ ಕೆರೆದು
ಇಂಡ್ ಅಂದರೆ ನೀನು, ಅಂತ ನನ್ನ ಭುಜ ಮುಟ್ಟಿದಳು.
ಆಫ್ ಅಂದರೆ ಆಫ್ರಿಕಾ, ತಾನು.
ನಾವು ಕೈಗೆ ದಾರ ತಗೊಳ್ಳೋ ಎಷ್ಟೋ ಮೊದಲೇ
ಯಾರೋ ಇದೇ ಮಣ್ಣಲ್ಲಿ
ನಮ್ಮಿಬ್ಬರ ತೆನೆ ಕಟ್ಟಿದ್ದರು.

ಅವರೂರಲ್ಲಿ ಒಂದು ವರ್ಷ ಬೆಂಕಿರೋಗ ಬಿದ್ದು
ತೆನೆಯ ಕುತ್ತಿಗೆ ಕಪ್ಪಾಗಿ ಮುರಿದು ಸುಗ್ಗಿಯೆಲ್ಲ ಜೊಳ್ಳು.
ಬಿತ್ತನೆಗಿಟ್ಟ ಸೋರೆಬುರುಡೆ ಒಡೆದು
ಅವಳವ್ವ ಗಂಜಿ ಕಾಯಿಸಿದಳಂತೆ.
ಆ ಗಂಜಿಯ ಸಾಲ ಇನ್ನೂ ತೀರಿಲ್ಲ, ಅಂದಳು.
ಅದಕ್ಕೇ ಊರೂರು ತಿರುಗಿ ಹೆಂಗಸರನ್ನು ಕೇಳುತ್ತಾಳಂತೆ:
ಯಾವ ಕಾಳು ನುಣ್ಣಗೆ ಬೀಸುತ್ತೆ,
ಯಾವುದು ಕೂಸಿನ ಹೊಟ್ಟೆಗೆ ಒಗ್ಗುತ್ತೆ,
ಯಾವುದು ಒಳ್ಳೇ ಹೆಂಡ ಆಗುತ್ತೆ.
ಕೊನೆಯದಕ್ಕೆ ನಾನೂ ನಕ್ಕೆ.

ಮರುವರ್ಷ ಮತ್ತೆ ಬಂದಳು, ಮಕ್ಕಳನ್ನು ನೋಡೋಕೆ.
ಅವ್ವ ಹಸಿರು ಗಿಣ್ಣಿನವಳು, ಅಪ್ಪ ನೇರಳೆ.
ಕೂಡಿದ್ದು ನಿಜವಾದರೆ ಮಗುವಿನ ಗಿಣ್ಣೂ ನೇರಳೆ.
ಸಾವಿರದ ಇನ್ನೂರು ಪೈರು,
ಎರಡು ದಿನ ಮೊಣಕಾಲೂರಿ ಹುಡುಕಿದೆವು.
ಸಿಕ್ಕಿದ್ದು ಒಂಬತ್ತು.
ಒಂಬತ್ತನೆಯದಕ್ಕೆ ಅವಳು ಹಾಕಿದ ಕೂಗಿಗೆ
ನಾಲೆ ಮೇಲಿನ ಬೆಳ್ಳಕ್ಕಿಯೆಲ್ಲ ಎದ್ದವು.

ಮೊನ್ನೆ ಪ್ರಫುಲ್ಲಾ ಫೋನು ತಂದು ತೋರಿಸಿದಳು,
ಆಫ್ರಿಕಾದ ದೊಡ್ಡ ಸಂಶೋಧಕರ ಪಟ್ಟಿಯಂತೆ.
ಅಂಕಿ ನನಗೆ ಬರುತ್ತಲ್ಲ. ನೂರಾ ಹದಿನೇಳು.
ಮೇಲಿನವರೆಲ್ಲ ಯಾರು, ಅಂದೆ.
ಒಬ್ಬಳು ಸೊಳ್ಳೆಜ್ವರದ ಹಿಂದೆ ಬಿದ್ದವಳು,
ಒಬ್ಬ ಕೆರೆಮೀನು ಎಣಿಸೋನು,
ಇನ್ನೊಬ್ಬ ಮರಗೆಣಸಿನ ವಿಷ ತೆಗೆಯೋನು.
ಅವರಿಗೂ ಒಬ್ಬೊಬ್ಬ ಹೊಂಬಾ ಇದ್ದಾಳಾ?
ಹುಡುಗಿ ಏನೋ ಹೇಳೋಕೆ ಹೋದಳು,
ಚಾರ್ಜು ಮುಗಿದು ಫೋನು ಆಫ್ ಆಯಿತು.

ಸಂಜೆ ಗೇಟಿನ ಕಡೆ ಬರುವಾಗ
ನಾಲೆಯ ಏರಿ ಮೇಲೆ ಯಾರೂ ಬಿತ್ತದ ಒಂದು ರಾಗಿ ಪೈರು.
ಬಗ್ಗಿ, ಎಲೆ ಸರಿಸಿ ನೋಡಿದೆ.
ಹಸಿರೋ ನೇರಳೆಯೋ,
ಹೊತ್ತು ಮುಳುಗಿತ್ತು, ಕಾಣಲಿಲ್ಲ.
ಸುತ್ತಲ ಕಳೆ ಕಿತ್ತು ಹಾಕಿ
ಬಸ್ಸಿಗೆ ಓಡಿದೆ.