ಮರಿಹುಳ: ತಿಳಿದಿಲ್ಲ

ಉದ್ದ ಮೂರು ಮಿಲಿಮೀಟರು, ಮೇಲೊಂದು ಕೂದಲೆಳೆ.
ಜೋಳದ ಕಾಳಿನ ಪಕ್ಕ ಇಟ್ಟರೆ
ಕಾಳೇ ದೊಡ್ಡದು.
ಬಣ್ಣ: ಕಂದು ಎಂದು ಬರೆದೆ, ಹೊಡೆದು ಹಾಕಿದೆ.
ಕಂದು ಅಂದರೆ ಯಾವ ಕಂದು?
ರಾಶಿ ಮುಗಿದ ಕಣದಲ್ಲಿ ಉಳಿದ
ತೊಗರಿ ಹೊಟ್ಟಿನ ಬಣ್ಣ,
ಭುಜದ ಹತ್ತಿರ ತುಸು ಹಳೆ ಹುಣಸೆ.
ಸಂಶೋಧನಾ ಪತ್ರಿಕೆ ತೊಗರಿ ಹೊಟ್ಟು ಒಪ್ಪುವುದಿಲ್ಲ.
ಮತ್ತೆ ಕಂದು ಎಂದೇ ಬರೆದೆ.

ಮೈ ಮೆತ್ತಗೆ. ಬೇರೆ ಜೀರುಂಡೆಗಳ ಹಾಗೆ
ಟಣ್ಣೆನ್ನುವ ಕವಚವಿಲ್ಲ ಇದಕ್ಕೆ;
ಚಿಮಟ ತುಸು ಬಿಗಿದರೂ ನಲುಗುತ್ತದೆ.
ತಲೆ ಎದೆಯಡಿಗೆ ಬಾಗಿದೆ,
ಬೈಸಿಕೊಂಡ ಹುಡುಗನ ಹಾಗೆ.
ಹಿಂಗಾಲಿನ ತೊಡೆ ಮಾತ್ರ ಪೈಲ್ವಾನನದು.
ಒಮ್ಮೆ ಕುಪ್ಪಳಿಸಿತೋ, ಮುಗಿಯಿತು,
ಅರ್ಧ ರಾತ್ರಿ ಮೊಣಕಾಲೂರಿ ಹುಡುಕಬೇಕು.

ಸಿಕ್ಕ ಸ್ಥಳ: ಸುರಪುರ ತಾಲೂಕು, ಬೋನಾಳ ಕೆರೆ,
ತೆಂಕಣ ಅಂಚಿನ ಜವುಗು, ಆಪಿನ ಮೆಳೆ.
ಆಷಾಢ, ಅಮಾಸಿಯ ಹಿಂದಿನ ರಾತ್ರಿ.
ಬಿಳಿ ಲುಂಗಿ ಕಟ್ಟಿ ಬ್ಯಾಟರಿ ಹಚ್ಚಿದ್ದೆ.
ಲುಂಗಿ ಅಬ್ಬಾನದು, ಕೇಳದೆ ತಂದದ್ದು.
ಇದನ್ನೆಲ್ಲ ಚೀಟಿಯಲ್ಲಿ ಬರೆಯಲು ಜಾಗವಿಲ್ಲ,
ಚೀಟಿ ನನ್ನ ಕಿರುಬೆರಳ ಉಗುರಿನಷ್ಟು.

ಎಮ್ಮೆ ಹುಡುಕುತ್ತ ಬಂದ ದೇವೀಂದ್ರಮ್ಮ
ಲುಂಗಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.
ಇದಕ್ಕ ನೀವೇನಂತೀರಿ, ಕೇಳಿದೆ.
"ಏನೂ ಅನ್ನಂಗಿಲ್ಲ ಬಾಯಿ.
ಕಡಿಯೂದಕ್ಕ ಹೆಸರದ, ಕಾಳು ತಿನ್ನೂದಕ್ಕ ಹೆಸರದ.
ಇದು ಯಾರ ತಂಟಿಗೂ ಬಂದಿಲ್ಲ.
ಯಾಕ ಕರೀಬೇಕು?"

ಕಾಲೇಜಿನ ಒಂದೇ ಸೂಕ್ಷ್ಮದರ್ಶಕ, ಅದೂ
ಸಸ್ಯಶಾಸ್ತ್ರದವರದು, ಕರೆಂಟು ಇದ್ದಾಗ ನನ್ನದು.
ಹೊಸ ಜಾತಿಯೆಂದು ಹೇಳುವುದು ಬಣ್ಣವಲ್ಲ, ಮೀಸೆಯಲ್ಲ.
ಗಂಡಿನ ಹೊಟ್ಟೆ ಬಿಡಿಸಿ, ಕ್ಷಾರದಲ್ಲಿ ಕಾಯಿಸಿ,
ಗ್ಲಿಸರಿನ್ ಹನಿಯಲ್ಲಿ ಅದರ ಗುಟ್ಟು ಮಲಗಿಸಿ ನೋಡಬೇಕು:
ಎಡಗವಲು ಕುಡುಗೋಲಿನ ಹಾಗೆ ಬಾಗಿದೆ,
ಬಲದ್ದು ಮೊಂಡು.
ಇದುವರೆಗೆ ಬರೆದಿಟ್ಟ ಯಾವ ಗಂಡಿಗೂ ಹೀಗಿಲ್ಲ.
ಏಳು ದೇಶದ ಚಿತ್ರ ತೆರೆದು, ಮೂರು ತಿಂಗಳು
ಕಣ್ಣು ಕೆಂಪಾಗಿಸಿಕೊಂಡು ತಿಳಿದದ್ದು ಇಷ್ಟು.
ಅದರ ಹೆಣ್ಣಿಗೆ
ಕತ್ತಲಲ್ಲೇ ಗೊತ್ತಿತ್ತು.

ಭಾದ್ರಪದದಲ್ಲಿ ಮತ್ತೆ ಹೋದೆ, ಕರಡು ಹಿಡಿದು.
ಆಪು ಕೊಯ್ಯುತ್ತಿದ್ದಳು, ಮೊಣಕಾಲು ನೀರಲ್ಲಿ.
ನಿನ್ನ ಹೆಸರೇ ಇಡ್ತೀನಿ ಅಂದೆ.
"ಸತ್ತದ್ದಕ್ಕ ನನ್ನ ಹೆಸರು ಬ್ಯಾಡ್ರಿ ಬಾಯಿ.
ಗೋಂದು ಹಚ್ಚಿ ರಟ್ಟಿಗಂಟಸ್ತೀರಿ,
ಪೆಟ್ಟಿಗ್ಯಾಗ ನೂರು ವರ್ಷ
ನಾ ಕುಂದ್ರಲೇನು?"
ನಕ್ಕಳು. ನಾನೂ ನಕ್ಕೆ, ಆದರೆ ತಡವಾಗಿ.

"ಕಡೀಗೇನು ಬರದೀರಿ, ಓದ್ರಿ."
ಮರಿಹುಳ: ತಿಳಿದಿಲ್ಲ.
"ಯಾರಿಗೆ?"

ಕುಡುಗೋಲು ಸೊಂಟಕ್ಕೆ ಸಿಕ್ಕಿಸಿ ಮುಂದೆ ನಡೆದಳು.
ಎಮ್ಮೆ ಮೇಲೇರಿದ ದಾರಿ. ಕಪ್ಪು ಎರೆಯಲ್ಲಿ
ಗೊರಸಿನ ಗುಳಿ, ಗುಳಿಗೊಂದು ಬೊಗಸೆ ನೀರು,
ನೀರಲ್ಲಿ ಕೊಳೆತ ಆಪಿನ ಎಲೆ, ಚಹಾದ ಬಣ್ಣ.
ಕಸ ಅಂದುಕೊಂಡೆ.
ಕಸಕ್ಕೆ ಕಾಲು ಮೂಡಿತು.
ಚಪ್ಪಟೆ ಮೈ, ಮೀಸೆ ಮಾತ್ರ ಉದ್ದ,
ದೊಡ್ಡವಕ್ಕೂ ಇಲ್ಲದಷ್ಟು ಉದ್ದ,
ಕೊಳೆಯನ್ನು ಬಾಯ ಬಾಚಣಿಗೆಯಲ್ಲಿ
ಎಳೆ ಎಳೆಯಾಗಿ ಬಾಚಿ ಉಣ್ಣುತ್ತಿದ್ದವು.

ಇವೇ ಅದರ ಮರಿಗಳೆಂದು ಹೇಳಲಾರೆ.
ರೆಕ್ಕೆ ಬರುವ ತನಕ ಸಾಕಿ ನೋಡಬೇಕು.
ಎಂಟು ತಂದಿದ್ದೇನೆ, ಗುಳಿಯ ನೀರಿನ ಸಮೇತ.
ಅಮ್ಮಿ ಉಪ್ಪಿನಕಾಯಿ ಬಾಟಲಿ ಕೇಳುತ್ತಿದ್ದಾಳೆ.
ಕರಡಿನ ಕಡೆಯ ಸಾಲು ಹಾಗೇ ಇದೆ, ಹೊಡೆದಿಲ್ಲ.

ಚಾಪೆ ಮಾರಲು ಸಂತೆಗೆ ಬಂದವಳು
ಹೊರೆ ಇಳಿಸದೆಯೇ
ನಮ್ಮ ಕಿಟಕಿಗೆ ಬಗ್ಗುತ್ತಾಳೆ:
"ಹುಡುಗರು ಉಂಡ್ರೇನು?"