ಗಡಿಯಾರ ನಿಲ್ಲಿಸಿದ ರಾತ್ರಿ

ಏಪ್ರಿಲ್ ಮುಗಿಯುತ್ತ ಬಂದರೂ ಹೆಲೆನಾದಲ್ಲಿ ಹಿಮ.
ಅಧಿವೇಶನದ ತೊಂಬತ್ತನೆಯ ದಿನ, ಹನ್ನೊಂದು ಐವತ್ತೆಂಟಕ್ಕೆ
ಬಾಗಿಲು ಕಾಯುವ ಆರ್ವಿಲ್ ಏಣಿ ತಂದು
ಗೋಡೆ ಗಡಿಯಾರದ ಸೆಲ್ ಕಿತ್ತು ಜೇಬಿಗಿಳಿಸಿದ.
ಸಭೆಯ ಲೆಕ್ಕದಲ್ಲಿ ಇನ್ನು ಮಧ್ಯರಾತ್ರಿ ಆಗುವುದಿಲ್ಲ.

ನಾನು ಆಯವ್ಯಯದ ಗುಮಾಸ್ತೆ. ನನಗೆ ಪಕ್ಷವಿಲ್ಲ,
ಕೂಡಲು ಬರುತ್ತದೆ, ಅಷ್ಟೆ.

ಕೋಣೆಯಲ್ಲಿ ಇಬ್ಬರು:
ಗಣಿಯೂರು ಬ್ಯೂಟ್‌ನ ಮೋರೀನ್ ಟಾರ್ವೈನೆನ್,
ದನದ ಸೀಮೆಯ ಡ್ವೇನ್ ಓಸ್ಟ್‌ಬಿ.
ಎಂಬತ್ತೊಂಬತ್ತು ದಿನ ಮುಖಕ್ಕೆ ಮುಖ ಕೊಡದೆ
ಮೈಕಿಗೇ ಬೈದವರು.
ಅವಳ ಆಸ್ಪತ್ರೆ ಅವನಿಗೆ ದುಂದು.
ಅವನ ಸೇತುವೆ, ಅವಳು ಹೇಳಿದಂತೆ,
ಎರಡು ಹಸು ನೀರು ಮುಟ್ಟದೆ ದಾಟಲಿಕ್ಕೆ.
ಆ ಜಗಳದುದ್ದಕ್ಕೂ ಬೊಕ್ಕಸದಿಂದ
ಕಾಸೂ ಕದಲಲಿಲ್ಲ.
ಕ್ಯಾಂಟೀನಿನ ಲೊರೀನಳ ಬರುವ ವರ್ಷದ ಸಂಬಳವೂ
ಅದೇ ಬೀಗದೊಳಗೆ ಕೂತಿತ್ತು;
ಅವಳು ಮಾತ್ರ ಎರಡೂ ಕಡೆಗೆ ಕಾಫಿ ಬಗ್ಗಿಸುತ್ತಲೇ ಇದ್ದಳು.

ಈಗ ಟೈ ಸಡಿಲ. ದನಿಯೂ.
'ನಿನ್ನ ಆಸ್ಪತ್ರೆ ಇರಲಿ' ಎಂದ ಅವನು.
'ನಿನ್ನ ಸೇತುವೆಯೂ ಇರಲಿ' ಎಂದಳು.
ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ,
ಹಾವಿಗೂ ಕೋಲಿಗೂ ಅನುದಾನ ಸಿಕ್ಕಿತು.
ಬಾಗಿಲಾಚೆ ಮತ ಹಿಡಿದು ನಿಂತವರಿಗೆ
ಒಂದು ಮೀನುಮರಿ ಕೇಂದ್ರ,
ಒಂದು ರೈಲು ಮ್ಯೂಸಿಯಂ,
ಯಾರದೋ ಅತ್ತೆಯ ಊರಿಗೆ ಡಾಂಬರು.
ಎಂಥ ಸಜ್ಜನರು ಆ ರಾತ್ರಿ ಎಲ್ಲರೂ!
ಯಾರೂ ಯಾರದನ್ನೂ ಹೊಡೆದುಹಾಕಲಿಲ್ಲ.

ಕೂಡಿದೆ. ಸಾಲದು.

ಮೂರನೆಯ ಕ್ಲಾಸಿನಲ್ಲಿ ಮಿಸೆಸ್ ಹಾಲ್ವರ್ಸನ್ ಕಲಿಸಿದ್ದರು:
ಸಾಲದಿದ್ದರೆ ಪಕ್ಕದ ಮನೆಯಿಂದ ಸಾಲ ತಾ.
ಪಕ್ಕದ ಮನೆಯಲ್ಲಿ ಸೊನ್ನೆ ಇದ್ದರೆ?
ಅದರಾಚೆ ಮನೆಗೆ ಹೋಗು.
ಹೋದೆ. ಮೂವತ್ತು ವರ್ಷದ ಸಾಲಪತ್ರ ಹಿಡಿದು,
ಸೊನ್ನೆ ಸೊನ್ನೆ ದಾಟುತ್ತ,
ಇನ್ನೂ ಕಟ್ಟಿರದ ಒಂದು ಮನೆಯ ಮುಂದೆ ನಿಂತೆ.
ಬಾಗಿಲೇ ಇಲ್ಲದ್ದರಿಂದ ತಟ್ಟುವ ತೊಂದರೆ ಇರಲಿಲ್ಲ.
ಬೇಕಾದ್ದು ತಂದೆ.

ಪುಟ ನಾನೂರ ಹನ್ನೆರಡರಲ್ಲಿ ಲೊರೀನಳ ಸಂಬಳ ಕಂಡಿತು,
ಶೇಕಡ ಎರಡು ಹೆಚ್ಚಿ.
ಅದರ ಕೆಳಗೆ ನನ್ನದು, ಅದೂ ಹೆಚ್ಚಿ.
ಪೆನ್ಸಿಲಿನ ತುದಿಯ ರಬ್ಬರು ಸವೆದಿರಲಿಲ್ಲ.
ಪುಟ ತಿರುಗಿಸಿದೆ.

ಹೊರಗೆ ಬೆಳಗಿನ ನಾಲ್ಕು, ಹಿಮ ಗುಡಿಸುವ ಸದ್ದು.
ಆರ್ವಿಲ್ ಮತ್ತೆ ಏಣಿ ಹತ್ತಿದ, ಸೆಲ್ ಹಾಕಿದ,
ಮುಳ್ಳಿನ ಮೇಲೆ ಬೆರಳಿಟ್ಟುಕೊಂಡು
ಕೆಳಗಿದ್ದ ನನ್ನನ್ನು ಕೇಳಿದ:
'ಎಷ್ಟು ಮುಂದಕ್ಕೆ ತಳ್ಳಲಿ?'