ಒಂದೇ ಹೊಳ್ಳೆಯ ಹಬೆ

ನಾರಿನ್ ಕಣಿವೆಯಲ್ಲಿ ಮೈನಸ್ ಇಪ್ಪತ್ತೆರಡು.
ಕುದುರೆ ಉಸಿರು ಬಿಟ್ಟರೆ
ಹಬೆಯ ಎಳೆ ಎರಡು ಏಳಬೇಕು.
"ಈ ಚಳಿಗಾಲ ಒಂದೇ ಬರ್ತಿದೆ ಡಾಕ್ಟರೇ,
ನೀವೇ ಎಣಿಸಿ" ಅಂದಳು ಬುರುಲ್ಕಾನ್,
ತೂಕದಲ್ಲಿ ಮೋಸಹೋದವಳ ದನಿಯಲ್ಲಿ.

ಎಣಿಸಿದೆ. ಬಲಕ್ಕೆ ಒಂದು.
ಎಡ ಹೊಳ್ಳೆಯ ಮುಂದೆ ಹತ್ತಿಯ ಎಳೆ ಹಿಡಿದೆ,
ಅಲುಗಲಿಲ್ಲ.
ನೆತ್ತರು ಬೆರೆತ ಕೀವು ಮಾತ್ರ
ತುಟಿಯವರೆಗೆ ಇಳಿದು ಹೆಪ್ಪುಗಟ್ಟಿತ್ತು.

ಮೊದಲು ಹಲ್ಲಿನ ಮೇಲೆ ಅನುಮಾನ.
ಲಾಳ ಹೊಡೆಯುವವನು ಕಿತ್ತ ದವಡೆಹಲ್ಲನ್ನು
ಚಹಾ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ, ತೋರಿಸಿದಳು.
ಒಳ್ಳೆಯ ಹಲ್ಲು. ಏನೂ ತಪ್ಪು ಮಾಡದ್ದು.
ಆಮೇಲೆ ಹನ್ನೆರಡು ದಿನ ಇಂಜೆಕ್ಷನ್. ನಾತ ಹೋಯಿತು,
ಸಂತೆಗೆ ಹೋದ ನೆಂಟನ ಹಾಗೆ
ಕತ್ತಲಾಗುವ ಮೊದಲೇ ತಿರುಗಿ ಬಂತು.

ಬೆರಳಗೆಣ್ಣಿನಿಂದ ಕೆನ್ನೆಯೆಲುಬು ತಟ್ಟಿದೆ.
ಬಲಗಡೆ ಬರಿಗೊಡದ ಸದ್ದು.
ಎಡಗಡೆ, ಹಿಟ್ಟಿನ ಮೂಟೆ.
ಗಾಳಿಗೆಂದೇ ಕಟ್ಟಿದ ಕೋಣೆಗಳಲ್ಲಿ
ಮಾಂಸ ಬಂದು ಕೂತಿದೆ,
ಗೋಡೆಯನ್ನೂ ಕಣ್ಣನ್ನೂ ಹೊರಕ್ಕೆ ದಬ್ಬುತ್ತಿದೆ.
ಕ್ಯಾಮೆರಾದ ಕೊಳವೆ ಗೇಣುದ್ದ ಹೋಗಿ ನಿಂತಿತು.
ಪರದೆ ತುಂಬ ಕೆಂಪು ಹೂಕೋಸು.

ಅಳಿಯ ಎಸೆನ್‌ಬೇಕ್ ಬೇಲಿಗೊರಗಿ ಹೇಳಿದ:
"ಸೊರಗೋ ಮುಂಚೆ ಕಡಿದುಬಿಡೋಣ, ಚಳಿಗಾಲಕ್ಕಾಗುತ್ತೆ."
ತಪ್ಪೇನಿಲ್ಲ, ಇಲ್ಲಿನ ರೂಢಿ;
ನಾನೂ ಅದನ್ನೇ ತಿಂದು ಬೆಳೆದವಳು.
"ಇದನ್ನು ತಿನ್ನಬೇಡಿ" ಎಂದೆ.
ಅವನು ಹಿಮಕ್ಕೆ ಉಗುಳಿ, ಬೇರೆಡೆ ನೋಡಿದ.

ಬುರುಲ್ಕಾನ್ ಕೇಳಿದ್ದೇ ಬೇರೆ:
"ಮರಿ ಎಡಗಡೆ ನಿಂತರೆ
ಅದರ ವಾಸನೆ ಇವಳಿಗೆ ಸಿಗುತ್ತಾ?"

ನಾನು ಓದಿದ ಪುಸ್ತಕಗಳಲ್ಲಿ ಇದಿಲ್ಲ.
ಕುದುರೆಯೇ ಉತ್ತರ ಕೊಟ್ಟಿತು:
ಇಡೀ ಕತ್ತು ತಿರುಗಿಸಿ
ಬಲ ಹೊಳ್ಳೆಯನ್ನು ಮರಿಯ ಬೆನ್ನಿಗೆ ಒತ್ತಿ
ಎಳೆದುಕೊಂಡಿತು, ಒಮ್ಮೆ,
ಮರ ಕೊಯ್ಯುವ ಗರಗಸದ ಸದ್ದಿನಲ್ಲಿ.

"ಎಷ್ಟು ದಿನ?"
"ಹುಲ್ಲು ಮೂಡುವ ತನಕ, ಇರಬಹುದು.
ನೋವು ಹೆಚ್ಚಿದರೆ ಕರೆಯಿರಿ, ಬರುತ್ತೇನೆ."
ಬಂದು ಏನು ಮಾಡುತ್ತೇನೆಂದು ನಾನು ಹೇಳಲಿಲ್ಲ.
ಅವಳೂ ಕೇಳಲಿಲ್ಲ. ಡಬ್ಬಿಯ ಮುಚ್ಚಳ ಒತ್ತಿದಳು.

ಜೀಪು ಮೂರನೆಯ ಸಲಕ್ಕೆ ಹೊತ್ತಿಕೊಂಡಿತು.
ಕನ್ನಡಿಯಲ್ಲಿ ಕಂಡೆ: ಕೈಗವಸು ಕಳಚಿ
ಬರಿಯಂಗೈಯನ್ನು ಎಡ ಹೊಳ್ಳೆಗೆ ಹಿಡಿದು ನಿಂತಿದ್ದಳು,
ಅಂಚೆಯವನು ದಾಟಿಹೋದ ಮೇಲೂ
ಬಾಗಿಲಲ್ಲಿ ನಿಲ್ಲುವವರ ಹಾಗೆ.